ಸಂಪಾದಕರ ಉತ್ತರ: ಆರು ಸಾವಿರ ಹೊಲಿಗೆ ಹಾಕಿದರೂ ಹಕ್ಕಿ ಕಾಣುತ್ತಿಲ್ಲ

ಮಾನ್ಯರೇ,

ನಿಮ್ಮ ಪತ್ರ, ಜೊತೆಗಿಟ್ಟ ಮೂರು ಫೋಟೋ ತಲುಪಿದವು. ಉಳಿದ ಓದುಗರಿಗಾಗಿ ಪತ್ರದ ಸಾರ ಇಷ್ಟು. ಇಪ್ಪತ್ತು ವರ್ಷದ ಹಿಂದೆ ಕಿಟ್ ತಂದು ಕ್ರಾಸ್ ಸ್ಟಿಚ್ (ಎರಡು ಓರೆ ಗೆರೆಗಳನ್ನು ಒಂದರ ಮೇಲೊಂದು ದಾಟಿಸಿ ಚೌಕ ತುಂಬುವ ಹೊಲಿಗೆ) ಮಾಡುತ್ತಿದ್ದವರು ನೀವು, ಈಗ ಮತ್ತೆ ಸೂಜಿ ಹಿಡಿದಿದ್ದೀರಿ. ಮಿಂಚುಳ್ಳಿಯ ಫೋಟೋದಿಂದ ತಯಾರಿಸಿದ ನಕ್ಷೆಯೊಂದನ್ನು ಅಂತರ್ಜಾಲದಲ್ಲಿ ಕೊಂಡು, 14 ಕೌಂಟಿನ, ಅಂದರೆ ಅಂಗುಲಕ್ಕೆ 14 ಚೌಕ ಬರುವಂತೆ ನೇಯ್ದ, ಬಿಳಿ ಐಡಾ ಬಟ್ಟೆಯ ಮೇಲೆ ಎಡಗಡೆಯ ಮೇಲಿನ ಮೂಲೆಯಿಂದ ಶುರು ಮಾಡಿದ್ದೀರಿ. ನಕ್ಷೆ 250 × 300 ಚೌಕದ್ದು, ಒಂದು ಚೌಕಕ್ಕೆ ಒಂದು ಹೊಲಿಗೆ, 90 ಬಣ್ಣ. ನಾಲ್ಕು ತಿಂಗಳಲ್ಲಿ ಸುಮಾರು 6000 ಹೊಲಿಗೆ ಬಿದ್ದಿದೆ, ಹಕ್ಕಿಯ ಕೊಕ್ಕು ಇನ್ನೂ ಬಂದಿಲ್ಲ. ಕಡು ಬಣ್ಣದ ನಡುವೆ ಬಟ್ಟೆಯ ಬಿಳಿ ಇಣುಕುತ್ತಿದೆ. ಹೊಲಿಗೆ ಒಂದು ಕಡೆ ಹೊಳೆದರೆ ಇನ್ನೊಂದು ಕಡೆ ಮಂಕು. ಚೌಕ ಎಣಿಸಲು ಎಳೆದ ನೀಲಿ ಪೆನ್ನಿನ ಗೆರೆ ಇಸ್ತ್ರಿ ಮಾಡಿದ ಮೇಲೆ ಹೋಗುತ್ತಿಲ್ಲ. ಟ್ಯಾಬ್ಲೆಟ್ ನೋಡಿ ಹೊಲಿಯುವುದು ಸರಿಯೇ, ಹಿಂಬದಿಯೂ ಮುಂಬದಿಯಷ್ಟೇ ಚೊಕ್ಕಟವಾಗಿರಬೇಕೇ ಎಂದೂ ಕೇಳಿದ್ದೀರಿ. ಕೊನೆಗೆ, "ಹವ್ಯಾಸ ಬದಲಾಯಿತೋ, ನನ್ನ ಕೈ ಕೆಟ್ಟಿತೋ?"

ನಿಮ್ಮ ಕೈ ಚೆನ್ನಾಗಿದೆ. ಮೂರನೆಯ ಫೋಟೋದಲ್ಲಿ ಒಂದೇ ಹಸಿರಿನ ಸಾಲಿನಲ್ಲಿ ಹದಿನಾಲ್ಕು ಹೊಲಿಗೆ ಇವೆಯಲ್ಲ, ಅವುಗಳ ಬಿಗಿತ ಒಂದೇ ಸಮನಾಗಿದೆ. ಬದಲಾಗಿರುವುದು ಸೂಜಿ ಹಿಡಿಯುವ ಮೊದಲಿನ ಕೆಲಸ. ನೀವು ಆಗ ಮಾಡುತ್ತಿದ್ದ ಕಿಟ್‌ನಲ್ಲಿ ಯಾವ ಬಟ್ಟೆ, ಎಷ್ಟು ಎಳೆ, ಎಷ್ಟು ಬಣ್ಣ, ಯಾವ ಸೂಜಿ ಎಂಬುದನ್ನೆಲ್ಲ ತಯಾರಿಸಿದವರೇ ನಿರ್ಧರಿಸಿ, ಹೊಲಿದು ನೋಡಿ ಕಳಿಸುತ್ತಿದ್ದರು. ಈಗ ಬರುವುದು ಒಂದು ಫೈಲ್ ಮಾತ್ರ. ಉಳಿದ ನಿರ್ಧಾರವೆಲ್ಲ ನಿಮ್ಮದು. ಅದನ್ನು ಯಾರೂ ನಿಮಗೆ ಹೇಳಲಿಲ್ಲ. ನಿಮ್ಮ ತೊಂದರೆಗಳಲ್ಲಿ ಹೆಚ್ಚಿನವು ಇಲ್ಲಿಂದಲೇ ಹುಟ್ಟಿವೆ.

ಈ ಕೆಲಸ ಹೀಗೆ ಕೈ ಬದಲಾಯಿಸುವುದು ಹೊಸತೇನಲ್ಲ. ಇಸವಿ ಹೊಲಿದಿರುವ ಇಂಗ್ಲಿಷ್ ಸ್ಯಾಂಪ್ಲರ್‌ಗಳಲ್ಲಿ, ಅಂದರೆ ಹೊಲಿಗೆಯ ಮಾದರಿ ಬಟ್ಟೆಗಳಲ್ಲಿ, ತಿಳಿದಿರುವಷ್ಟರಲ್ಲಿ ಅತಿ ಹಳೆಯದು 1598ರದು. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಅಂಥ ಬಟ್ಟೆಯಲ್ಲಿ ಯಾವ ಹೊಲಿಗೆ ಎಲ್ಲಿ ಬರಬೇಕು ಎಂಬುದು ಹೆಚ್ಚಾಗಿ ಹೊಲಿಯುವವರಿಗೇ ಬಿಟ್ಟದ್ದು. 19ನೆಯ ಶತಮಾನದ ಆರಂಭದಲ್ಲಿ ಬರ್ಲಿನ್‌ನಿಂದ ಚೌಕ ಕಾಗದದ ಮೇಲೆ ಕೈಯಲ್ಲೇ ಬಣ್ಣ ತುಂಬಿದ ನಕ್ಷೆಗಳು ಬಂದವು. ನಿರ್ಧಾರ ನಕ್ಷೆಗೆ ಹೋಯಿತು. ಜರ್ಮನಿಯ ಜ್ವೈಗಾರ್ಟ್ ಕಂಪನಿ 1890ರ ಸುಮಾರಿಗೆ ಐಡಾ ಬಟ್ಟೆ ತಂದ ಮೇಲೆ ಬಟ್ಟೆಯ ಎಳೆ ಎಣಿಸುವ ಕಷ್ಟ ತಪ್ಪಿತು, ಚೌಕಗಳು ನೇಯ್ಗೆಯಲ್ಲೇ ಸಿಕ್ಕವು. ಆಮೇಲೆ ಬಂದ ಕಿಟ್ ಎಲ್ಲವನ್ನೂ ಒಂದು ಪೊಟ್ಟಣಕ್ಕೆ ಸೇರಿಸಿತು. ಫೈಲ್ ಬಂದು ಆ ಪೊಟ್ಟಣವನ್ನು ಮತ್ತೆ ಬಿಚ್ಚಿ ನಿಮ್ಮ ಮುಂದೆ ಹರಡಿದೆ.

ಮೊದಲು ನಿಮ್ಮ ನಕ್ಷೆಯ ಲೆಕ್ಕ ಮಾಡೋಣ. 250ನ್ನು 300ರಿಂದ ಗುಣಿಸಿದರೆ 75,000 ಹೊಲಿಗೆ. ಒಂದೇ ಬಣ್ಣದ ಸಾಲಾದರೆ ಗಂಟೆಗೆ ನೂರು ಹೊಲಿಗೆ ಹಾಕುವುದು ಅಭ್ಯಾಸವಿರುವವರಿಗೆ ಕಷ್ಟವಲ್ಲ. ಆ ವೇಗದಲ್ಲೂ 750 ಗಂಟೆ, ದಿನಕ್ಕೊಂದು ಗಂಟೆಯಂತೆ ಎರಡು ವರ್ಷಕ್ಕೂ ಹೆಚ್ಚು. ನಿಮ್ಮ ನಕ್ಷೆಯಲ್ಲಿ ಆ ವೇಗ ಬರುವುದಿಲ್ಲ. ಕಾರಣ ನೀವೇ ಕಳಿಸಿದ ಎರಡನೆಯ ಫೋಟೋದಲ್ಲಿದೆ. ಅದರಲ್ಲಿ ಹತ್ತು ಚೌಕ ಉದ್ದ, ಹತ್ತು ಚೌಕ ಅಗಲದ ಒಂದು ಖಾನೆಯೊಳಗೆ ಇಪ್ಪತ್ತೆರಡು ಬಗೆಯ ಗುರುತುಗಳಿವೆ, ಒಂದೊಂದು ಗುರುತು ಒಂದೊಂದು ಬಣ್ಣ. ಅಂದರೆ ನೂರು ಹೊಲಿಗೆಗೆ ಇಪ್ಪತ್ತೆರಡು ಬಾರಿ ಸೂಜಿಗೆ ದಾರ ಪೋಣಿಸಬೇಕು, ಇಪ್ಪತ್ತೆರಡು ಬಾರಿ ತುದಿ ಅಡಗಿಸಬೇಕು. ಹೀಗೆ ಒಂಟಿ ಒಂಟಿಯಾಗಿ ಚೆಲ್ಲಿದ ಹೊಲಿಗೆಗಳನ್ನು ಈ ಹವ್ಯಾಸದವರು ಕನ್ಫೆಟಿ ಅನ್ನುತ್ತಾರೆ.

ಇದು ಹುಟ್ಟುವ ಬಗೆ ಸರಳ. ಫೋಟೋವನ್ನು ನಕ್ಷೆ ಮಾಡುವ ತಂತ್ರಾಂಶ ಚಿತ್ರದ ಪ್ರತಿ ಚುಕ್ಕಿಗೂ ಹತ್ತಿರದ ಬಣ್ಣದ ದಾರದ ಸಂಖ್ಯೆ ಹುಡುಕುತ್ತದೆ. ಡಿಎಂಸಿ ಎಂಬ ಕಂಪನಿಯ ದಾರದಲ್ಲೇ ಐನೂರರಷ್ಟು ಬಣ್ಣಗಳಿವೆ. ಹಕ್ಕಿಯ ಹಿಂದಿನ ಮಸುಕು ಎಲೆಗಳಲ್ಲಿ ಕಣ್ಣಿಗೆ ಒಂದೇ ಹಸಿರು ಕಂಡರೂ ಕ್ಯಾಮೆರಾ ನೂರಾರು ಹಸಿರು ಹಿಡಿದಿರುತ್ತದೆ, ತಂತ್ರಾಂಶ ಅವನ್ನೆಲ್ಲ ಪ್ರಾಮಾಣಿಕವಾಗಿ ಬೇರೆ ಮಾಡುತ್ತದೆ. ಮನುಷ್ಯರು ಕೂತು ಬಿಡಿಸಿದ ನಕ್ಷೆಯಲ್ಲಿ ಅಂಥ ಜಾಗಕ್ಕೆ ನಾಲ್ಕೈದು ಬಣ್ಣ ಸಾಕಾಗುತ್ತದೆ. ಆದ್ದರಿಂದ ಇನ್ನು ಮುಂದೆ ನಕ್ಷೆ ಕೊಳ್ಳುವಾಗ ಹೊಲಿದು ಮುಗಿಸಿದ ಬಟ್ಟೆಯ ಫೋಟೋ ಇದೆಯೇ ನೋಡಿ. ಬರೀ ಕಂಪ್ಯೂಟರ್ ಚಿತ್ರ ತೋರಿಸಿದ್ದರೆ ಅದನ್ನು ಯಾರೂ ಹೊಲಿದು ನೋಡಿಲ್ಲದಿರಬಹುದು. ಮಾದರಿ ಪುಟ ಕೊಟ್ಟಿದ್ದರೆ ಒಂದು ಖಾನೆಯಲ್ಲಿ ಎಷ್ಟು ಗುರುತು ಇವೆ ಎಣಿಸಿ. ಹನ್ನೆರಡು ದಾಟಿದರೆ ಬೇಡ ಅನ್ನಿ. ಚಿತ್ರ ಯಾರದು, ಅವರ ಒಪ್ಪಿಗೆ ಇದೆಯೇ ಎಂದೂ ವಿಚಾರಿಸಿ. ಕಲಾವಿದರಿಗೆ ಗೊತ್ತಿಲ್ಲದೆ ಅವರ ಚಿತ್ರವನ್ನು ನಕ್ಷೆ ಮಾಡಿ ಮಾರುವವರು ಇದ್ದಾರೆ. ಅದು ಕಳ್ಳತನ.

ಬಿಳಿ ಇಣುಕುವುದಕ್ಕೆ ಮೂರು ಕಾರಣ ಇರಬಹುದು. ಲಡಿಯ ದಾರದಲ್ಲಿ ಆರು ಎಳೆಗಳಿರುತ್ತವೆ, 14 ಕೌಂಟಿಗೆ ಎರಡು ಎಳೆ ಸರಿ. ಆದರೆ ಎರಡನ್ನೂ ಒಟ್ಟಿಗೆ ಹಿಡಿದು ಎಳೆದರೆ ಮೊದಲಿನ ಹುರಿ ಹಾಗೇ ಉಳಿದು ದಾರ ಸಣ್ಣಗಾಗುತ್ತದೆ. ತುದಿಯಲ್ಲಿ ಒಂದೇ ಎಳೆ ಹಿಡಿದು ನೇರವಾಗಿ ಮೇಲಕ್ಕೆ ಎಳೆಯಿರಿ. ಉಳಿದ ಐದು ಮುದುಡಿಕೊಳ್ಳುತ್ತವೆ, ಗಾಬರಿ ಬೇಡ, ನೇವರಿಸಿದರೆ ಬಿಡಿಸಿಕೊಳ್ಳುತ್ತವೆ. ಇನ್ನೊಂದು ಎಳೆಯನ್ನೂ ಹಾಗೇ ತೆಗೆದು ಎರಡನ್ನೂ ಜೋಡಿಸಿ. ಹೊಲಿಯುತ್ತಾ ಹೋದಂತೆ ದಾರ ಮತ್ತೆ ಹುರಿಗೊಳ್ಳುತ್ತದೆ. ಹತ್ತು ಹನ್ನೆರಡು ಹೊಲಿಗೆಗೊಮ್ಮೆ ಬಟ್ಟೆಯನ್ನು ಬಗ್ಗಿಸಿ ಸೂಜಿಯನ್ನು ತೂಗಲು ಬಿಡಿ, ತಾನೇ ತಿರುಗಿ ಹುರಿ ಬಿಚ್ಚುತ್ತದೆ. ಮೂರನೆಯ ಕಾರಣ ಅತಿಯಾದ ಬಿಗಿ. ದಾರ ಎಳೆದಾಗ ಐಡಾದ ತೂತು ಅಗಲವಾಗುತ್ತಿದ್ದರೆ ಬಿಗಿ ಹೆಚ್ಚಾಯಿತು ಎಂದೇ ಲೆಕ್ಕ. ಸೂಜಿಯನ್ನು ಎರಡು ಎಳೆಗಳ ನಡುವೆ ಇಳಿಸುವ ರೈಲ್‌ರೋಡಿಂಗ್ ಕ್ರಮದಲ್ಲಿ ಎಳೆಗಳು ಪಕ್ಕಪಕ್ಕ ಮಲಗಿ ಚೌಕವನ್ನು ಚೆನ್ನಾಗಿ ಮುಚ್ಚುತ್ತವೆ. ನಿಧಾನ ಆಗುತ್ತದೆ, ಹಾಗಾಗಿ ಕಡು ಬಣ್ಣಕ್ಕೆ ಮಾತ್ರ, ಅದೂ ಮೇಲಿನ ಗೆರೆಗೆ ಮಾತ್ರ ಮಾಡಿದರೂ ಸಾಕು. ಇಷ್ಟಾದರೂ ಬಿಳಿ ಬಟ್ಟೆಯ ಮೇಲೆ ಕಪ್ಪು ದಾರ ಪೂರ್ತಿ ಮುಚ್ಚುವುದು 14 ಕೌಂಟಿನಲ್ಲಿ ಕಷ್ಟ. ಅದು ಬಟ್ಟೆಯ ಆಯ್ಕೆಯಲ್ಲಾದ ತಪ್ಪು. 16 ಅಥವಾ 18 ಕೌಂಟಿನಲ್ಲಿ ಅದೇ ಎರಡು ಎಳೆ ಒತ್ತಾಗಿ ಕೂರುತ್ತವೆ.

ಹೊಳಪಿನ ವ್ಯತ್ಯಾಸಕ್ಕೆ ನಿಮ್ಮ ಫೋಟೋದಲ್ಲೇ ಉತ್ತರ ಸಿಕ್ಕಿತು. ಬಲಗಡೆಯ ತುಂಡಿನಲ್ಲಿ ಮೇಲಿನ ಗೆರೆ ಎಡಕ್ಕೆ ವಾಲಿದೆ, ಉಳಿದೆಡೆ ಬಲಕ್ಕೆ. ಮರ್ಸರೈಸ್ ಮಾಡಿದ, ಅಂದರೆ ಹೊಳಪು ಬರುವಂತೆ ಸಂಸ್ಕರಿಸಿದ, ಹತ್ತಿ ದಾರ ಮಲಗಿದ ದಿಕ್ಕಿಗೆ ತಕ್ಕಂತೆ ಬೆಳಕನ್ನು ಹಿಂತಿರುಗಿಸುತ್ತದೆ. ಬಹುಶಃ ಒಂದು ದಿನ ಬಟ್ಟೆಯನ್ನು ಅಡ್ಡ ತಿರುಗಿಸಿ ಹಿಡಿದಿದ್ದೀರಿ. ಬಟ್ಟೆಯ ಮೇಲಿನ ಎಡ ಮೂಲೆಗೆ ಕೆಂಪು ದಾರದ ಒಂದು ದೊಡ್ಡ ಹೊಲಿಗೆ ಹಾಕಿಡಿ, ಅದು ಯಾವಾಗಲೂ ಅಲ್ಲೇ ಇರಬೇಕು. ತಪ್ಪಿರುವ ಹೊಲಿಗೆಗಳನ್ನು ಬಿಚ್ಚದೆ ಸರಿ ಮಾಡುವ ದಾರಿ ಇಲ್ಲ. ಬಿಚ್ಚುವಾಗ ಮೇಲಿನಿಂದ ಎಳೆಯಬೇಡಿ. ಹಿಂಬದಿಯಲ್ಲಿ ಸಣ್ಣ ಕತ್ತರಿಯಿಂದ ನಾಲ್ಕೈದು ಹೊಲಿಗೆಗೊಂದು ಕಡೆ ಕತ್ತರಿಸಿ, ಚಿಮಟದಿಂದ ತುಂಡು ತೆಗೆಯಿರಿ, ಪಕ್ಕದ ಹೊಲಿಗೆಯ ತುದಿ ಸಡಿಲವಾಗದಂತೆ ನೋಡಿಕೊಳ್ಳಿ. ಆ ದಾರ ಮತ್ತೆ ಬಳಸಬೇಡಿ, ಅದರ ಜುಂಗು ಎದ್ದಿರುತ್ತದೆ.

ಇನ್ನು ನೀಲಿ ಪೆನ್ನು. ನೀರಿಗೆ ಹೋಗುವ ಶಾಯಿ ಬಿಸಿ ತಗುಲಿದರೆ ಬಟ್ಟೆಯಲ್ಲಿ ಕಚ್ಚಿಕೊಳ್ಳುತ್ತದೆ. ಇಸ್ತ್ರಿಗೆ ಮೊದಲು ತಣ್ಣೀರಿನಲ್ಲಿ ಅದ್ದಿ, ಗೆರೆ ಪೂರ್ತಿ ಹೋಗುವವರೆಗೆ ನೀರು ಬದಲಿಸಬೇಕಿತ್ತು. ಸೋಪು ಆಮೇಲೆ. ಬಿಸಿಗೆ ಮಾಯವಾಗುವ ಫ್ರಿಕ್ಷನ್ ಪೆನ್ನು ಇದಕ್ಕೆ ಪರಿಹಾರ ಎಂದು ಕೆಲವರು ಹೇಳುತ್ತಾರೆ. ಅದನ್ನೂ ನಾವು ಶಿಫಾರಸು ಮಾಡುವುದಿಲ್ಲ. ತೀರಾ ಚಳಿಗೆ ಆ ಗೆರೆ ಮತ್ತೆ ಮೂಡುತ್ತದೆ. ಗೆರೆಯ ಬದಲು ನುಣುಪಾದ ಸಣ್ಣ ನೈಲಾನ್ ದಾರವನ್ನು ಹತ್ತು ಚೌಕಕ್ಕೊಂದರಂತೆ ಉದ್ದುದ್ದ ಟಾಕಿ ಹಾಕಿ. ಸೂಜಿ ಅದನ್ನು ಚುಚ್ಚುವುದಿಲ್ಲ, ಕೆಲಸ ಮುಗಿದ ಮೇಲೆ ಒಂದು ತುದಿ ಹಿಡಿದು ಎಳೆದರೆ ಜಾರಿ ಬರುತ್ತದೆ. ಅದೇ ಹತ್ತಿ ದಾರವಾದರೆ ಹೊಲಿಗೆಯೊಳಗೆ ಸಿಕ್ಕಿ ತುಂಡಾಗುತ್ತದೆ.

ಟ್ಯಾಬ್ಲೆಟ್ ಬಗ್ಗೆ ಸಂಕೋಚ ಬೇಡವೇ ಬೇಡ. ಆಗ ನಕ್ಷೆಯ ಜೆರಾಕ್ಸ್ ಮೇಲೆ ಹೈಲೈಟರ್ ಬಳಿಯುತ್ತಿದ್ದೆವು, ಈಗ ಬೆರಳು ಮುಟ್ಟಿಸಿದರೆ ಹೊಲಿದ ಚೌಕ ಬಣ್ಣ ಬದಲಿಸುತ್ತದೆ. ಒಂದು ಬಣ್ಣ ಆರಿಸಿದರೆ ಅದು ಎಲ್ಲೆಲ್ಲಿದೆ ಎಂದು ಬೆಳಗುತ್ತದೆ. ಕಣ್ಣಿಗೆ ಇದರಷ್ಟು ದೊಡ್ಡ ಉಪಕಾರ ಈ ಹವ್ಯಾಸಕ್ಕೆ ಇತ್ತೀಚೆಗೆ ಬೇರೆ ಬಂದಿಲ್ಲ. ಕಣ್ಣಿನ ಮಾತು ಬಂದಿದ್ದಕ್ಕೆ ಇದೊಂದು: ಬಿಳಿ ಬಟ್ಟೆ ಹೊಲಿಯುವಾಗ ತೊಡೆಯ ಮೇಲೆ ಕಪ್ಪು ಬಟ್ಟೆ ಹಾಸಿಕೊಳ್ಳಿ, ತೂತುಗಳು ಕಪ್ಪು ಚುಕ್ಕಿಯಾಗಿ ಎದ್ದು ಕಾಣುತ್ತವೆ. ಕಪ್ಪು ಬಟ್ಟೆಗಾದರೆ ಕೆಳಗೆ ಬಿಳಿ.

ಹಿಂಬದಿ ಮುಂಬದಿಯಂತೆ ಇರಬೇಕಿಲ್ಲ. ಅಲ್ಲಿ ಗಂಟು ಇರಬಾರದು, ಫ್ರೇಮ್ ಹಾಕಿದಾಗ ಗುಬುಟು ಎದ್ದು ಕಾಣುತ್ತದೆ. ಒಂದು ಬಣ್ಣವನ್ನು ಐದಾರು ಚೌಕಕ್ಕಿಂತ ದೂರ ಎಳೆದೊಯ್ಯಬಾರದು. ಖಾಲಿ ಬಿಟ್ಟ ಬಿಳಿ ಜಾಗದ ಹಿಂದೆ ಕಡು ದಾರ ಹಾಯಿಸಲೇಬಾರದು, ಮುಂದೆ ನೆರಳಿನಂತೆ ಕಾಣುತ್ತದೆ. ಶುರುವಿಗೆ ಒಂದು ಮೀಟರ್ ಉದ್ದದ ಒಂದೇ ಎಳೆಯನ್ನು ಮಡಚಿ, ಎರಡು ತುದಿಯನ್ನೂ ಸೂಜಿಗೆ ಪೋಣಿಸಿ. ಮೊದಲ ಗೆರೆ ಹಾಕುವಾಗ ಮಡಿಕೆಯ ಕುಣಿಕೆಯನ್ನು ಹಿಂದೆ ಸ್ವಲ್ಪ ಉಳಿಸಿ, ಸೂಜಿ ಹಿಂದಕ್ಕೆ ಬಂದಾಗ ಅದರೊಳಗೆ ತೂರಿಸಿ ಎಳೆದರೆ ದಾರ ಗಂಟಿಲ್ಲದೆ ಕೂರುತ್ತದೆ. ಬಣ್ಣ ಬದಲಾಗುತ್ತಾ ಹೋಗುವ ದಾರಕ್ಕೆ ಈ ಉಪಾಯ ಆಗದು, ಎರಡು ತುದಿಯ ಬಣ್ಣ ಬೇರೆ ಬೇರೆ ಇರುತ್ತದೆ. ಮುಗಿಸುವಾಗ ಹಿಂದಿನ ನಾಲ್ಕೈದು ಹೊಲಿಗೆಯ ಅಡಿ ಸೂಜಿ ತೂರಿಸಿ ಕತ್ತರಿಸಿ. ಬಟ್ಟೆಯನ್ನು ಬಿಗಿಯಾಗಿ ಹಿಡಿಯುವ ಹೂಪನ್ನು (ಬಳೆಯನ್ನು) ಪ್ರತಿದಿನ ಕಳಚಿಡಿ, ವಾರಗಟ್ಟಲೆ ಬಿಟ್ಟರೆ ಬಳೆಯ ಗುರುತು ತೊಳೆದರೂ ಹೋಗುವುದು ಕಷ್ಟ.

ಈಗ ಮಿಂಚುಳ್ಳಿ. 6000 ಎಂದರೆ ಎಂಟೇ ಪಾಲು ಕೆಲಸ, ನೂರರಲ್ಲಿ. ಇಷ್ಟು ದಿನ ನೀವು ಹೊಲಿದಿರುವುದು ಬರೀ ಹಿನ್ನೆಲೆಯ ಎಲೆ. ಅದನ್ನು ಮುಂದುವರಿಸಿ ಎಂದು ಹೇಳಲು ನಮಗೆ ಮನಸ್ಸಿಲ್ಲ. ನಕ್ಷೆಯಲ್ಲಿ ಹಕ್ಕಿ ಮತ್ತು ಅದು ಕೂತ ಕೊಂಬೆ ಸುಮಾರು 110 × 140 ಚೌಕದೊಳಗೆ ಬರುತ್ತವೆ. ಆ ಆಯದಲ್ಲಿ ಅರ್ಧದಷ್ಟು ಎಲೆಯೇ, ಅದನ್ನು ಬಿಟ್ಟುಬಿಡಿ. ಉಳಿಯುವುದು ಎಂಟು ಸಾವಿರ ಹೊಲಿಗೆಯ ಆಸುಪಾಸು. ಬಿಳಿ ಬಟ್ಟೆಯ ಬದಲು ತೆಳು ಹಸಿರು ಅಥವಾ ಬೂದು ಬಣ್ಣದ 16 ಕೌಂಟ್ ಐಡಾ ತನ್ನಿ, ಬಟ್ಟೆಯೇ ಹಿನ್ನೆಲೆ ಆಗುತ್ತದೆ. 110ನ್ನು 16ರಿಂದ ಭಾಗಿಸಿದರೆ 6.9 ಅಂಗುಲ, 140ಕ್ಕೆ 8.75 ಅಂಗುಲ. ನಾಲ್ಕೂ ಕಡೆ ಮೂರು ಮೂರು ಅಂಗುಲ ಸೇರಿಸಿ 13 × 15 ಅಂಗುಲದ ತುಂಡು ಕತ್ತರಿಸಿ. ಸೂಜಿ ಮೊಂಡು ತುದಿಯ ಟ್ಯಾಪೆಸ್ಟ್ರಿ, 26 ನಂಬರಿನದು. ಎಂಟು ಮೀಟರಿನ ಒಂದು ಲಡಿಯಲ್ಲಿ ಎರಡು ಎಳೆಯಂತೆ, ತುದಿಗೆ ಹೋಗುವುದನ್ನು ಕಳೆದು, ಸುಮಾರು 2000 ಹೊಲಿಗೆ ಬರುತ್ತದೆ. ಬೆನ್ನಿನ ನೀಲಿಗೆ ಮಾತ್ರ ಎರಡು ಲಡಿ ಇಟ್ಟುಕೊಳ್ಳಿ. ಪಕ್ಕಪಕ್ಕದ ಸಂಖ್ಯೆಯ ನೀಲಿಗಳನ್ನು ಹಗಲು ಬೆಳಕಿನಲ್ಲಿ ಜೊತೆಗಿಟ್ಟು ನೋಡಿ, ಒಂದರಿಂದ ಇನ್ನೊಂದು ಬೇರೆ ಎಂದು ತಕ್ಷಣ ಕಾಣದಿದ್ದರೆ ಎರಡನ್ನೂ ಒಂದು ಮಾಡಿ. ಹೀಗೆ ಮಾಡಿದರೆ ಬಣ್ಣ ಮೂವತ್ತರ ಒಳಗೆ ಬರಬೇಕು. ಕಣ್ಣು, ಅದರೊಳಗಿನ ಬಿಳಿ ಮಿಂಚು, ಎದೆಯ ಕಿತ್ತಳೆ, ಇವುಗಳನ್ನು ಮಾತ್ರ ಮುಟ್ಟಬೇಡಿ, ಹಕ್ಕಿಗೆ ಜೀವ ಕೊಡುವುದು ಅವೇ. ಬಟ್ಟೆಯನ್ನು ಎರಡು ಬಾರಿ ಮಡಚಿ ನಡು ಗುರುತಿಸಿ, ಈ ಸಲ ಮೂಲೆಯಿಂದಲ್ಲ, ಕಣ್ಣಿನಿಂದಲೇ ಶುರು ಮಾಡಿ. ನಡುವಿನಿಂದ ಕಣ್ಣು ಎಷ್ಟು ಚೌಕ ದೂರ ಎಂಬುದನ್ನು ನಕ್ಷೆಯಲ್ಲಿ ಎರಡು ಸಲ ಎಣಿಸಿಕೊಳ್ಳಿ.

ಹಳೆಯ ತುಂಡನ್ನು ಎಸೆಯಬೇಡಿ. ತೊಳೆಯುವುದನ್ನು ಅದರ ಮೇಲೆ ಪರೀಕ್ಷಿಸಿ. ತಣ್ಣೀರಿನಲ್ಲಿ ನೆನೆಸಿ, ನೀಲಿ ಗೆರೆ ಎಷ್ಟು ಇಳಿಯುತ್ತದೆ ನೋಡಿ. ಯಾವುದಾದರೂ ಕಡು ದಾರ ಬಣ್ಣ ಬಿಟ್ಟರೆ ಒಣಗಲು ಬಿಡದೆ ನೀರು ತಿಳಿಯಾಗುವವರೆಗೆ ಜಾಲಾಡಿಸಿ, ಆ ದಾರದ ಸಂಖ್ಯೆ ಬರೆದಿಟ್ಟುಕೊಳ್ಳಿ. ಹಿಂಡಬೇಡಿ, ಟವೆಲಿನಲ್ಲಿ ಸುತ್ತಿ ಒತ್ತಿ. ಗೆರೆ ಪೂರ್ತಿ ಹೋದ ಕಡೆ ಮಾತ್ರ, ಇನ್ನೂ ಸ್ವಲ್ಪ ತೇವ ಇರುವಾಗ ದಪ್ಪ ಟವೆಲಿನ ಮೇಲೆ ಮುಂಬದಿ ಕೆಳಗೆ ಮಾಡಿ ಇಸ್ತ್ರಿ ಹಾಕಿ. ಕಣ್ಣು ಹೊಲಿದಾದ ಮೇಲೆ ಒಂದು ಫೋಟೋ ಕಳಿಸಿ, ನೋಡಲು ಕಾದಿರುತ್ತೇವೆ.

— ಸಂಪಾದಕರು