ಕ್ಲೈಮೇಟ್ ಮಾಡೆಲ್‌ನಲ್ಲಿ 2009ರ ನೆರೆ ಹುಡುಕಬೇಡಿ

ಕ್ಲೈಮೇಟ್ ಮಾಡೆಲ್, ಅಂದರೆ ಭೂಮಿಯ ಹವಾಮಾನವನ್ನು ಲೆಕ್ಕ ಹಾಕುವ ಕಂಪ್ಯೂಟರ್ ಪ್ರೋಗ್ರಾಮ್, ಅದರ ಮಳೆ, ಚಂಡಮಾರುತ ನಿಜದ್ದರ ಥರಾನೇ ಇರುತ್ತವಾ, ನಮ್ಮೂರಿನ ಮಳೆ ದಾಖಲೆ ಜೊತೆ ದಿನದಿನವೂ ತಾಳೆ ನೋಡಿ ಪ್ರಾಜೆಕ್ಟ್ ಮಾಡಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಮಾಡಬೇಡಿ. ಎಂ.ಟೆಕ್‌ನಲ್ಲಿ ನಾನು ಮಾಡಿದ್ದು ಅದನ್ನೇ.

2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಲ್ಲಿ ರಾಯಚೂರು, ಬಾಗಲಕೋಟೆ, ವಿಜಯಪುರ ಕಡೆ ಬಂದ ನೆರೆ ಗೊತ್ತಲ್ಲ. ಸಿಮಿಪ್-6 (CMIP6) ಅಂದರೆ ಹಲವು ದೇಶಗಳ ಕ್ಲೈಮೇಟ್ ಮಾಡೆಲ್‌ಗಳನ್ನು ಒಂದೇ ರೀತಿ ಓಡಿಸಿ ಹೋಲಿಸುವ ಯೋಜನೆ. ಅದರ ಮಾಡೆಲ್‌ಗಳ ಹಿಸ್ಟಾರಿಕಲ್ ರನ್, ಅಂದರೆ ಕಳೆದ ಕಾಲದ ಲೆಕ್ಕ, 1850ರಿಂದ 2014ರವರೆಗೆ ಸಿಗುತ್ತದೆ. ಹಾಗಾದರೆ ಆ ನೆರೆ ಅದರೊಳಗೆ ಇರಲೇಬೇಕಲ್ವಾ ಅಂದುಕೊಂಡು ಫೈಲ್ ತೆರೆದೆ. ಆ ವಾರ ಹೆಚ್ಚುಕಡಿಮೆ ಒಣ. ಇನ್ನೊಂದು ಮಾಡೆಲ್ ತೆಗೆದೆ, ಅಲ್ಲೂ ಇಲ್ಲ. ಇವು ನಮ್ಮ ಕಡೆಗೆ ಕೆಲಸಕ್ಕೆ ಬರುವುದಿಲ್ಲ ಅಂತ ಇಡೀ ಒಂದು ಅಧ್ಯಾಯ ಬರೆದೆ. ವೈವಾದಲ್ಲಿ ಆ ಅಧ್ಯಾಯವೇ ಬಿದ್ದುಹೋಯಿತು. ಡಿಗ್ರಿ ತಡವಾಯಿತು, ಕೈಗೆ ಬಂದಿದ್ದ ಕೆಲಸವೂ ತಪ್ಪಿತು.

ಎಲ್ಲಿ ಎಡವಿದೆ ಅಂತ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ಪ್ರಶ್ನೆಯಲ್ಲೂ ಅದೇ ಇದೆ. ಆ ರನ್‌ಗೆ 2009ರ ಹವೆ ಹೇಗಿತ್ತು ಅಂತ ಯಾರೂ ಹೇಳಿಕೊಟ್ಟಿಲ್ಲ. 1850ರಲ್ಲಿ ಶುರು ಮಾಡಿ ಬಿಡುತ್ತಾರೆ. ಆಮೇಲೆ ಕೊಡುವುದು ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಎಷ್ಟು, ಬಿಸಿಲಿನ ಶಕ್ತಿ ಎಷ್ಟು, ಯಾವ ಜ್ವಾಲಾಮುಖಿ ಯಾವಾಗ ಸಿಡಿಯಿತು, ಇಂಥವನ್ನು ಮಾತ್ರ. ಮಳೆ, ವಾಯುಭಾರ ಕುಸಿತ ಎಲ್ಲ ಅದು ತಾನೇ ಹುಟ್ಟಿಸಿಕೊಳ್ಳುತ್ತದೆ. ಅದರ 2009 ಅಂದರೆ ಆ ಕಾಲದಷ್ಟು ಇಂಗಾಲ ಇರುವ ಒಂದು ವರ್ಷ, ಅಷ್ಟೇ. ಆರಂಭದಲ್ಲಿ ಕೂದಲೆಳೆಯಷ್ಟು ಬದಲಿಸಿ ಅದೇ ಮಾಡೆಲ್ ಮತ್ತೆ ಓಡಿಸಿದರೆ ಬೇರೆಯದೇ 2009 ಬರುತ್ತದೆ. ಅಮೆರಿಕದ ಹವಾಮಾನ ವಿಜ್ಞಾನಿ ಎಡ್ವರ್ಡ್ ಲೊರೆನ್ಜ್ 1963ರಲ್ಲೇ ತೋರಿಸಿಕೊಟ್ಟ ವಿಷಯ ಇದು. ಓದಿದ್ದೆ, ನನ್ನ ಫೈಲಿಗೂ ಅದು ಅನ್ವಯ ಆಗುತ್ತದೆ ಅಂತ ಹೊಳೆಯಲಿಲ್ಲ. ಮುನ್ಸೂಚನೆಯ ಮಾಡೆಲ್ ಬೇರೆ. ಪುಣೆಯಲ್ಲಿ ತಯಾರಾಗಿ 2025ರಲ್ಲಿ ಬಂದ, ನೆಲವನ್ನು 6 ಕಿ.ಮೀ. ಚೌಕಗಳಾಗಿ ಹಂಚಿ ಲೆಕ್ಕ ಹಾಕುವ ಭಾರತ್ ಫೋರ್‌ಕಾಸ್ಟ್ ಸಿಸ್ಟಮ್‌ಗೆ ಇವತ್ತಿನ ಅಳತೆಗಳನ್ನು ಉಣಿಸುತ್ತಾರೆ. ಅದರ ದಿನಾಂಕಕ್ಕೆ ಅರ್ಥ ಇದೆ.

ಹಾಗಾಗಿ ನಿಜವಾ ಸುಳ್ಳಾ ಅನ್ನುವುದನ್ನು ಬಿಡಿ. ಮಾಡೆಲ್‌ನ ಚೌಕ ಎಷ್ಟು ದೊಡ್ಡದು ಅಂತ ಕೇಳಿ, ಒಂದು ಚೌಕಕ್ಕೆ ಮಳೆಯ ಲೆಕ್ಕ ಒಂದೇ. ಜಾಸ್ತಿ ಮಾಡೆಲ್‌ಗಳಲ್ಲಿ ಅದು ಸುಮಾರು 100 ಕಿ.ಮೀ. ವರ್ಷಕ್ಕೆ 7,000 ಮಿ.ಮೀ. ದಾಟುವ ಆಗುಂಬೆ, ಅದರ ಒಂದು ಸಣ್ಣ ಪಾಲು ಮಾತ್ರ ಕಾಣುವ ಶಿವಮೊಗ್ಗ, ಎರಡೂ ಒಂದೇ ಚೌಕದಲ್ಲಿ ಬಂದುಬಿಡಬಹುದು. ಆಗುಂಬೆ ಘಾಟಿಯಂಥ ಕಡಿದಾದ ಏರು ಅಲ್ಲಿ ಮೆತ್ತಗಿನ ಇಳಿಜಾರಾಗುತ್ತದೆ. ಗುಡುಗು ಮಳೆಯ ಮೋಡ ಕೆಲವೇ ಕಿಲೋಮೀಟರ್ ಅಗಲ, ಅದು ಚೌಕದೊಳಗೆ ಮೂಡುವುದೇ ಇಲ್ಲ. ಅಂದಾಜಿನ ಸೂತ್ರ ಹಾಕಿ ಮಳೆ ಸುರಿಸುತ್ತಾರೆ. ಮಳೆಮಾಪಕದ ದಿನದಿನದ ಅಂಕಿ, ಮಾಡೆಲ್‌ನ ಅಂಕಿ, ಈ ಎರಡು ಕಾಲಂ ಪಕ್ಕಪಕ್ಕ ಇಟ್ಟರೆ ಇದು ಎದ್ದು ಕಾಣುತ್ತಿತ್ತು. ಮಳೆಮಾಪಕದಲ್ಲಿ ಸೊನ್ನೆ, ಸೊನ್ನೆ, ಆಮೇಲೆ ಒಮ್ಮೆಲೇ ನೂರು ಮಿ.ಮೀ. ಮೇಲೆ. ಮಾಡೆಲ್‌ನಲ್ಲಿ ದಿನಾ ನಾಲ್ಕು, ಐದು, ಮೂರು. ತುಂಬ ಮಾಡೆಲ್‌ಗಳಿಗೆ ಈ ಜಿಟಿಜಿಟಿ ಮಳೆಯ ರೋಗ ಇದೆ. ಸಂಜೆ ಬರಬೇಕಾದ ಗುಡುಗು ಮಳೆಯನ್ನು ಮಧ್ಯಾಹ್ನಕ್ಕೇ ತಂದುಬಿಡುವುದೂ ಇದೆ.

ಚಂಡಮಾರುತದ್ದೂ ಹೀಗೇ. ಅದರ ಕಣ್ಣು ಸಾಮಾನ್ಯವಾಗಿ ಕೆಲವು ಹತ್ತು ಕಿಲೋಮೀಟರ್ ಅಗಲ, 100 ಕಿ.ಮೀ. ಚೌಕದಲ್ಲಿ ಕಾಣುವುದು ಸುತ್ತುವ ಗಾಳಿಯ ಮಬ್ಬು ಆಕಾರ. 25 ಕಿ.ಮೀ.ಗೆ ಇಳಿದರೆ ರೂಪ ಬರುತ್ತದೆ, ಆದರೂ ಅತಿ ಪ್ರಬಲ ಗಾಳಿ ಕಮ್ಮಿಯೇ ಬರುತ್ತದೆ. 3-4 ಕಿ.ಮೀ.ಗೆ ಹೋದರೆ ದೊಡ್ಡ ಮೋಡಗಳು ಸೂತ್ರವಿಲ್ಲದೆ ತಾವೇ ಏಳುತ್ತವೆ. ಆದರೆ ಚೌಕ ಅರ್ಧ ಮಾಡಿದಾಗಲೆಲ್ಲ ಲೆಕ್ಕದ ಕೆಲಸ ಎಂಟು ಪಟ್ಟು, ಕೆಲವೊಮ್ಮೆ ಇನ್ನೂ ಜಾಸ್ತಿ. ನೂರು ವರ್ಷ ಹಾಗೆ ಓಡಿಸುವುದು ಸುಮ್ನೆ ಆಗುವ ಮಾತಲ್ಲ.

ಇಷ್ಟಾದರೂ ಇವುಗಳನ್ನು ನಾನು ನಂಬುತ್ತೇನೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ. 7ರಷ್ಟು ಜಾಸ್ತಿ ನೀರಾವಿ ಹಿಡಿಯುತ್ತದೆ, ಭಾರಿ ಮಳೆ ಇನ್ನೂ ಭಾರಿಯಾಗುತ್ತದೆ. ಇಂಥ ಬದಲಾವಣೆಯ ದಿಕ್ಕು ಅವುಗಳಲ್ಲಿ ಗಟ್ಟಿಯಾಗಿ ಸಿಗುತ್ತದೆ.

ನೀವು 30 ವರ್ಷದ ಮುಂಗಾರು ತಗೊಳ್ಳಿ. ಮಳೆ ದಿನಗಳು ಎಷ್ಟು, ಭಾರಿ ಮಳೆಯ ಪಾಲು ಎಷ್ಟು ಅಂತ ಹಲವು ಮಾಡೆಲ್‌ಗಳಲ್ಲಿ ಹೋಲಿಸಿ. ಮಾಪಕದ ದಾಖಲೆಯನ್ನೂ ಚೌಕದಷ್ಟು ಜಾಗಕ್ಕೆ ಸರಾಸರಿ ಮಾಡಿಕೊಂಡೇ ಎದುರಿಗಿಡಿ. ಗೈಡ್‌ಗೆ ದಿನದಿನದ ತಾಳೆಯೇ ಬೇಕು ಅಂದರೆ ಇಆರ್‌ಎ5 (ERA5) ರೀಅನಾಲಿಸಿಸ್, ಅಂದರೆ ಹಿಂದಿನ ದಿನಗಳ ಹವೆಯನ್ನು ಮತ್ತೆ ಲೆಕ್ಕ ಹಾಕಿದ ದಾಖಲೆ, ಬಳಸಿ. ಅದರಲ್ಲಿ ಆಯಾ ದಿನದ ಅಳತೆಗಳನ್ನು ಸೇರಿಸಿರುತ್ತಾರೆ. ಚೌಕ ಸುಮಾರು 31 ಕಿ.ಮೀ., ಘಟ್ಟದ ಅಂಚು ಅದರಲ್ಲೂ ಪೂರ್ತಿ ಮೂಡುವುದಿಲ್ಲ, ಅದನ್ನು ರಿಪೋರ್ಟ್‌ನಲ್ಲಿ ಮೊದಲೇ ಬರೆದುಬಿಡಿ.