ಆಂಪ್ಲಿಫೈಯರ್‌ನ ಡಿಸ್ಟಾರ್ಷನ್ ಅಳೆಯಲು ಆಸಿಲೋಸ್ಕೋಪ್ ಸಾಕೇ, ಹಳೆಯ ಡಿಸ್ಟಾರ್ಷನ್ ಮೀಟರ್ ಬೇಕೇ?

ಮನೆಯಲ್ಲಿ ಕಟ್ಟಿದ 50 ವಾಟ್ ಆಂಪ್ಲಿಫೈಯರ್ ನಿಜಕ್ಕೂ ಶೇ 0.01ರ ಡಿಸ್ಟಾರ್ಷನ್ (ಸಿಗ್ನಲ್‌ನ ವಿಕೃತಿ) ಮಟ್ಟದಲ್ಲಿದೆಯೇ ಎಂದು ನೋಡಬೇಕು, ಇವೆರಡರಲ್ಲಿ ಯಾವುದನ್ನು ಕೊಳ್ಳಲಿ ಎಂದು ಕೇಳಿದ್ದೀರಿ. ನಾನಾಗಿದ್ದರೆ ಎರಡನ್ನೂ ಬಿಟ್ಟು ಒಂದು ಒಳ್ಳೆಯ 24 ಬಿಟ್ ಯುಎಸ್‌ಬಿ ಆಡಿಯೊ ಇಂಟರ್‌ಫೇಸ್ ಕೊಳ್ಳುತ್ತಿದ್ದೆ.

ಶೇ 0.01 ಎಂದರೆ ಮೂಲ ಸಿಗ್ನಲ್‌ಗಿಂತ 80 ಡೆಸಿಬೆಲ್ ಕೆಳಗೆ. ಸಾಮಾನ್ಯ ಡಿಜಿಟಲ್ ಆಸಿಲೋಸ್ಕೋಪ್ 8 ಬಿಟ್‌ನದು. ಅದರ ವ್ಯಾಪ್ತಿ ಸುಮಾರು 50 ಡೆಸಿಬೆಲ್. ಕ್ಲಿಪ್ಪಿಂಗ್, ಆಸಿಲೇಶನ್ ಕಂಡುಹಿಡಿಯಲು ಅದು ಬೇಕೇ ಬೇಕು, ಈ ಕೆಲಸಕ್ಕೆ ಮಾತ್ರ ಆಗದು. ಹಳೆಯ ಎಚ್‌ಪಿ 8903ಬಿ ಸೊಗಸಾದ ಡಿಸ್ಟಾರ್ಷನ್ ಮೀಟರ್, ಆದರೆ ಅದರ ಸ್ವಂತ ಡಿಸ್ಟಾರ್ಷನ್ ಮಿತಿಯೇ ಶೇ 0.01.

ಅಳೆಯುವ ಉಪಕರಣದ ಹಾರ್ಮೋನಿಕ್‌ಗಳು (ಮೂಲ ಫ್ರೀಕ್ವೆನ್ಸಿಯ ಎರಡು, ಮೂರು ಪಟ್ಟಿನಲ್ಲಿ ಹುಟ್ಟುವ ಬೇಡದ ಸಿಗ್ನಲ್‌ಗಳು) ಆಂಪ್ಲಿಫೈಯರ್‌ನ ಹಾರ್ಮೋನಿಕ್‌ಗಳ ಜೊತೆ ಫೇಸ್ ನೋಡಿಕೊಂಡು ಕೂಡುತ್ತವೆ ಅಥವಾ ಕಳೆಯುತ್ತವೆ. ಉಪಕರಣದ್ದು 10 ಡೆಸಿಬೆಲ್ ಮಾತ್ರ ಕೆಳಗಿದ್ದರೆ ಅಳತೆ ಶೇ 30ರಷ್ಟು ತಪ್ಪಬಹುದು. 20 ಡೆಸಿಬೆಲ್ ಕೆಳಗಿದ್ದರೆ ತಪ್ಪು ಶೇ 10ಕ್ಕೆ ಇಳಿಯುತ್ತದೆ. ಆದ್ದರಿಂದ ನಿಮಗೆ ಬೇಕಾದದ್ದು ಮೈನಸ್ 100 ಡೆಸಿಬೆಲ್ ಮುಟ್ಟುವ ಸಾಧನ. ಇಂಟರ್‌ಫೇಸ್‌ನ ಔಟ್‌ಪುಟ್ಟನ್ನು ಅದರದೇ ಇನ್‌ಪುಟ್‌ಗೆ ಕೇಬಲ್‌ನಲ್ಲಿ ಜೋಡಿಸಿ, ಉಚಿತವಾಗಿ ಸಿಗುವ ಆರ್‌ಇಡಬ್ಲ್ಯು (ರೂಮ್ ಈಕ್ಯೂ ವಿಝಾರ್ಡ್) ಎಂಬ ಆಡಿಯೊ ಅಳತೆಯ ಸಾಫ್ಟ್‌ವೇರ್‌ನಲ್ಲಿ 1 ಕಿಲೋಹರ್ಟ್ಸ್ ಟೋನ್ ಕೊಟ್ಟು ನೋಡಿ. ಲೆವೆಲ್ ಏರಿಸುತ್ತ ಇಳಿಸುತ್ತ ಹೋದರೆ ಹಾರ್ಮೋನಿಕ್‌ಗಳು ತೀರಾ ತಗ್ಗುವ ಒಂದು ಜಾಗ ಸಿಗುತ್ತದೆ. ಅಲ್ಲಿಯೇ ಕೆಲಸ ಮಾಡಿ. ಪೆಟ್ಟಿಗೆಯ ಮೇಲೆ ಅಚ್ಚಾದ ಅಂಕಿಗಿಂತ ನೀವೇ ಪಡೆದ ಈ ಅಂಕಿಯನ್ನು ನಂಬಿ.

ಇನ್ನು ಆಂಪ್ಲಿಫೈಯರನ್ನು ನೇರವಾಗಿ ಜೋಡಿಸಬೇಡಿ. 8 ಓಮ್ ಲೋಡ್‌ಗೆ 50 ವಾಟ್ ಎಂದರೆ 20 ವೋಲ್ಟ್ ಆರ್‌ಎಂಎಸ್, ಪೀಕ್ 28 ವೋಲ್ಟ್. ಇಂಟರ್‌ಫೇಸ್‌ನ ಲೈನ್ ಇನ್‌ಪುಟ್ ಇಷ್ಟನ್ನು ತಡೆಯುವುದಿಲ್ಲ. 10 ಕಿಲೋಓಮ್ ಮತ್ತು 510 ಓಮ್ ಮೆಟಲ್ ಫಿಲ್ಮ್ ರೆಸಿಸ್ಟರ್‌ಗಳ ಡಿವೈಡರ್ (ವೋಲ್ಟೇಜ್ ತಗ್ಗಿಸುವ ಜೋಡಣೆ) ಹಾಕಿದರೆ ಸುಮಾರು 1 ವೋಲ್ಟ್ ಉಳಿಯುತ್ತದೆ. ಸ್ಪೀಕರ್ ಬದಲಿಗೆ ಜೋಡಿಸುವ ಡಮ್ಮಿ ಲೋಡ್‌ಗೆ ಅಲ್ಯೂಮಿನಿಯಂ ಕವಚದ 100 ವಾಟ್ ರೆಸಿಸ್ಟರ್ ತಂದು ದೊಡ್ಡ ಹೀಟ್‌ಸಿಂಕ್ ಮೇಲೆ ಬಿಗಿಯಿರಿ. ಬೆಂಗಳೂರಿನವರಾದರೆ ಎಸ್‌.ಪಿ. ರಸ್ತೆಯಲ್ಲಿ ವಿಚಾರಿಸಿ.

ದಯವಿಟ್ಟು ಒಂದನ್ನು ಮರೆಯಬೇಡಿ: ಸ್ಪೀಕರನ್ನು ಎರಡೂ ತುದಿಗಳಿಂದ ಓಡಿಸುವ ಬ್ರಿಡ್ಜ್ ಮಾದರಿಯ ಆಂಪ್ಲಿಫೈಯರ್‌ಗಳಲ್ಲಿ, ವೇಗವಾಗಿ ಸ್ವಿಚ್ ಆಗುತ್ತ ಕೆಲಸ ಮಾಡುವ ಅನೇಕ ಕ್ಲಾಸ್ ಡಿ ಬೋರ್ಡ್‌ಗಳಲ್ಲೂ, ಸ್ಪೀಕರ್‌ನ ಮೈನಸ್ ತುದಿ ಗ್ರೌಂಡ್ ಅಲ್ಲ. ಅದನ್ನು ಇಂಟರ್‌ಫೇಸ್ ಗ್ರೌಂಡ್‌ಗೆ ತಾಗಿಸಿದರೆ ಔಟ್‌ಪುಟ್ ಶಾರ್ಟ್ ಆಗುತ್ತದೆ. ಅಲ್ಲಿ ಎರಡೂ ತುದಿಗಳಿಗೆ ಒಂದೇ ಅಳತೆಯ ಡಿವೈಡರ್ ಹಾಕಿ ಬ್ಯಾಲೆನ್ಸ್ಡ್ ಇನ್‌ಪುಟ್‌ಗೆ ಕೊಡಿ. ಕ್ಲಾಸ್ ಡಿ ಆದರೆ ಸ್ವಿಚಿಂಗ್ ಫ್ರೀಕ್ವೆನ್ಸಿಯನ್ನು ತಡೆಯುವ ಲೋಪಾಸ್ ಫಿಲ್ಟರ್ ಕೂಡ ಬೇಕು.

1 ಕಿಲೋಹರ್ಟ್ಸ್‌ನ ಫಲಿತಾಂಶ ಚೆನ್ನಾಗಿ ಬಂದಿತೆಂದು ಅಲ್ಲಿಗೇ ನಿಲ್ಲಿಸಬೇಡಿ. ಹೆಚ್ಚಿನ ಆಂಪ್ಲಿಫೈಯರ್‌ಗಳು ಸೋಲುವುದು ಮೇಲಿನ ಫ್ರೀಕ್ವೆನ್ಸಿಗಳಲ್ಲಿ. 48 ಕಿಲೋಹರ್ಟ್ಸ್ ಸ್ಯಾಂಪ್ಲಿಂಗ್‌ನಲ್ಲಿ 10 ಕಿಲೋಹರ್ಟ್ಸ್‌ನ ಮೂರನೇ ಹಾರ್ಮೋನಿಕ್ ಕಾಣಿಸುವುದೇ ಇಲ್ಲ. ಆದ್ದರಿಂದ 19 ಮತ್ತು 20 ಕಿಲೋಹರ್ಟ್ಸ್ ಎರಡನ್ನೂ ಸಮನಾಗಿ ಕೊಟ್ಟು, ಅವು ಆಂಪ್ಲಿಫೈಯರ್‌ನಲ್ಲಿ ಬೆರೆತು 1 ಮತ್ತು 18 ಕಿಲೋಹರ್ಟ್ಸ್ ಹತ್ತಿರ ಏನು ಏಳುತ್ತದೆ ಎಂದು ನೋಡಿ.