ಲ್ಯಾಪ್‌ಟಾಪ್‌ನ ಟ್ರ್ಯಾಕ್‌ಪ್ಯಾಡನ್ನೇ ನಂಬರ್ ಪ್ಯಾಡ್ ಮಾಡಿಕೊಳ್ಳಬಹುದಾ?

ಮಾಡಿಕೊಳ್ಳಬಹುದು. ನಿಮ್ಮದು 14 ಇಂಚಿನ ಲ್ಯಾಪ್‌ಟಾಪ್, ಬಲಗಡೆ ನಂಬರ್ ಕೀಗಳಿಲ್ಲ, ಉಬುಂಟು ಅನ್ನುವ ಲಿನಕ್ಸ್ ಹಾಕಿಕೊಂಡಿದ್ದೀರಿ, ಸೊಸೈಟಿ ಲೆಕ್ಕವನ್ನೆಲ್ಲ ಶೀಟ್‌ಗೆ ತುಂಬಬೇಕು. ಟ್ರ್ಯಾಕ್‌ಪ್ಯಾಡ್ ಮೇಲೆ ಅಂಕಿಗಳ ಸ್ಟಿಕ್ಕರ್ ಅಂಟಿಸಿ ಅಲ್ಲೇ ಒತ್ತಿದರೆ ಅಂಕಿ ಬೀಳುವ ಹಾಗೆ ಮಾಡಬಹುದಾ ಅಂತ ಕೇಳಿದ್ದೀರಿ. ನನ್ನ ಲ್ಯಾಪ್‌ಟಾಪ್‌ನಲ್ಲಿ ಹೀಗೇ ಮಾಡಿಕೊಂಡು ಬಳಸುತ್ತಿದ್ದೇನೆ, ಅದಕ್ಕೇ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ಮೊದಲೇ ಒಂದು ಮಾತು: ಇದರಲ್ಲಿ ಸ್ಟಿಕ್ಕರ್ ಕೊನೆಯ ಕೆಲಸ. ಎಲ್ಲರೂ ಅಲ್ಲಿಂದ ಶುರು ಮಾಡುತ್ತಾರೆ, ಆಮೇಲೆ ಬೆರಳು ಇಟ್ಟಲ್ಲೆಲ್ಲ ಸೊನ್ನೆ ಬೀಳುತ್ತದೆ ಅಂತ ಬಿಟ್ಟುಬಿಡುತ್ತಾರೆ.

ನಿಮ್ಮದು ಏಸಸ್ ಝೆನ್‌ಬುಕ್ ಆಗಿದ್ದರೆ ಟ್ರ್ಯಾಕ್‌ಪ್ಯಾಡಿನ ಬಲ ಮೇಲ್ಮೂಲೆಯನ್ನು ಒಮ್ಮೆ ಗಮನಿಸಿ. ಅಲ್ಲಿ ಕ್ಯಾಲ್ಕುಲೇಟರ್ ಥರದ ಚಿಕ್ಕ ಗುರುತು ಇದ್ದರೆ ನಿಮ್ಮ ಕೆಲಸ ಅರ್ಧ ಮುಗಿದಿದೆ. 2018ರಿಂದ ಅವರು ಕೆಲವು ಮಾದರಿಗಳಲ್ಲಿ ಪ್ಯಾಡಿನ ಒಳಗೇ ಅಂಕಿಗಳ ದೀಪ ಕೂರಿಸುತ್ತಿದ್ದಾರೆ. ಆ ಮೂಲೆಯನ್ನು ಒಂದು ಸೆಕೆಂಡ್ ಒತ್ತಿ ಹಿಡಿದರೆ ಅಂಕಿಗಳು ಬೆಳಗುತ್ತವೆ. ವಿಂಡೋಸ್‌ನಲ್ಲಿ ಇದು ತಾನಾಗಿಯೇ ನಡೆಯುತ್ತದೆ, ಲಿನಕ್ಸ್‌ನಲ್ಲಿ ನಡೆಯುವುದಿಲ್ಲ. ಆದರೆ ಬಳಕೆದಾರರೇ ಪೈಥಾನ್ ಭಾಷೆಯಲ್ಲಿ ಬರೆದ ಡ್ರೈವರ್ ಗಿಟ್‌ಹಬ್ ತಾಣದಲ್ಲಿ ಇದೆ, ಅದನ್ನು ಹಾಕಿಕೊಂಡರೆ ದೀಪವೂ ಬರುತ್ತದೆ, ಅಂಕಿಯೂ ಬೀಳುತ್ತದೆ. ಮಾದರಿಗೆ ತಕ್ಕ ವಿನ್ಯಾಸವನ್ನು ಸರಿಯಾಗಿ ಆರಿಸಿಕೊಂಡರೆ ಸಾಕು.

ಬೇರೆ ಯಾವ ಲ್ಯಾಪ್‌ಟಾಪ್ ಆದರೂ ಸರಿ, ಲಿನಕ್ಸ್‌ನಲ್ಲಿ ನಾವೇ ಮಾಡಿಕೊಳ್ಳಬಹುದು. ನೀವು ಉಬುಂಟು ಹಾಕಿಕೊಂಡಿರುವುದು ಇಲ್ಲಿ ದೊಡ್ಡ ಅನುಕೂಲ. ಬೆರಳು ಪ್ಯಾಡಿನ ಮೇಲೆ ಬಿದ್ದಾಗ ಕರ್ನಲ್ (ಲಿನಕ್ಸ್‌ನ ಒಳತಿರುಳು) ಅದನ್ನು ಇವ್‌ಡೆವ್ ಅನ್ನುವ ದಾರಿಯಲ್ಲಿ ಹೊರಗೆ ಕೊಡುತ್ತದೆ: ಎಷ್ಟನೇ ಬೆರಳು, ಅಡ್ಡಕ್ಕೆ ಎಲ್ಲಿ, ಉದ್ದಕ್ಕೆ ಎಲ್ಲಿ. ಇದನ್ನು ಕಣ್ಣಾರೆ ನೋಡಬೇಕು ಅಂದರೆ ಇವಿಟೆಸ್ಟ್ ಅನ್ನುವ ಪುಟ್ಟ ಸಾಧನ ಹಾಕಿಕೊಂಡು ಸುಡೋ ಜೊತೆ, ಅಂದರೆ ಅಡ್ಮಿನ್ ಅಧಿಕಾರದಲ್ಲಿ, ಓಡಿಸಿ, ಪಟ್ಟಿಯಲ್ಲಿ ಟಚ್‌ಪ್ಯಾಡ್ ಆರಿಸಿ, ಬೆರಳಿಡಿ. ಪರದೆ ತುಂಬ ಸಾಲುಗಳು ಓಡುತ್ತವೆ. ಶುರುವಿನಲ್ಲೇ ಅಡ್ಡ ಮತ್ತು ಉದ್ದದ ಅತಿ ಕಡಿಮೆ, ಅತಿ ಹೆಚ್ಚು ಬೆಲೆ ತೋರಿಸುತ್ತದೆ, ಜೊತೆಗೆ ಒಂದು ಮಿಲಿಮೀಟರ್‌ಗೆ ಎಷ್ಟು ಯೂನಿಟ್ ಅಂತಲೂ ಹೆಚ್ಚಿನ ಪ್ಯಾಡ್‌ಗಳಲ್ಲಿ ಬರುತ್ತದೆ. ಇವನ್ನು ಬರೆದಿಟ್ಟುಕೊಳ್ಳಿ, ಮನೆಗಳ, ಅಂದರೆ ಒಂದೊಂದು ಅಂಕಿಯ ಚೌಕಗಳ, ಗೆರೆ ಎಳೆಯುವುದು ಇದರ ಮೇಲೇ.

ಆಮೇಲೆ ಪೈಥಾನ್‌ನ ಇವ್‌ಡೆವ್ ಲೈಬ್ರರಿ ಬಳಸಿ ಒಂದು ಸ್ಕ್ರಿಪ್ಟ್ ಬರೆಯಬೇಕು. ಅದು ಮೂರು ಕೆಲಸ ಮಾಡಬೇಕು. ಬಲ ಮೇಲ್ಮೂಲೆಯಲ್ಲಿ ಬೆರಳು ಕದಲದೆ ಒಂದು ಸೆಕೆಂಡ್ ನಿಂತರೆ ಪ್ಯಾಡನ್ನು ಗ್ರ್ಯಾಬ್ ಮಾಡಬೇಕು, ಅಂದರೆ ಬೇರೆ ಯಾರಿಗೂ ಆ ಸ್ಪರ್ಶ ಸಿಗದ ಹಾಗೆ ತಾನೇ ಹಿಡಿದುಕೊಳ್ಳಬೇಕು. ಆಗ ಕರ್ಸರ್ ನಿಂತುಬಿಡುತ್ತದೆ, ಕ್ಲಿಕ್ ಕೂಡ ಆಗುವುದಿಲ್ಲ. ಬೆರಳು ಬಿದ್ದ ಜಾಗ ನೋಡಿ ಅಂಕಿ ಯಾವುದು ಅಂತ ಲೆಕ್ಕ ಹಾಕಬೇಕು. ಕರ್ನಲ್‌ನ ಯುಇನ್‌ಪುಟ್ ಅನ್ನುವ ಸೌಲಭ್ಯದ ಮೂಲಕ ಒಂದು ಸುಳ್ಳು ಕೀಬೋರ್ಡ್ ತಯಾರಿಸಿ ಆ ಅಂಕಿಯನ್ನು ಕಳಿಸಬೇಕು. ಮತ್ತೆ ಮೂಲೆ ಒತ್ತಿದರೆ ಪ್ಯಾಡ್ ಬಿಟ್ಟುಕೊಡಬೇಕು. ಸ್ಕ್ರಿಪ್ಟ್ ಮಧ್ಯದಲ್ಲಿ ಸತ್ತುಹೋದರೆ ಕರ್ಸರ್ ಹೋಗಿಯೇ ಬಿಡುತ್ತದಾ ಅಂತ ಭಯ ಬೇಡ, ಪ್ರೋಗ್ರಾಂ ಮುಚ್ಚಿದ ತಕ್ಷಣ ಕರ್ನಲ್ ಆ ಹಿಡಿತವನ್ನು ತಾನೇ ಬಿಡಿಸುತ್ತದೆ. ಇನ್ನೊಂದು ಲಾಭವೂ ಇದೆ. ಇದೆಲ್ಲ ಪರದೆಯ ಮೇಲೆ ಕಿಟಕಿಗಳನ್ನು ತೋರಿಸುವ ವೇಲ್ಯಾಂಡ್, ಎಕ್ಸ್ ಅನ್ನುವ ವ್ಯವಸ್ಥೆಗಳೆರಡಕ್ಕಿಂತಲೂ ಕೆಳಗಿನ ಹಂತದಲ್ಲಿ ನಡೆಯುವುದರಿಂದ ಎರಡರಲ್ಲೂ ಒಂದೇ ಥರ ಕೆಲಸ ಮಾಡುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ತುಂಬ ಜನ ಸ್ಕ್ರಿಪ್ಟ್ ಬರೆಯುವಾಗ "ಬೆರಳು ತಾಗಿತು, ಬೆರಳು ಎದ್ದಿತು" ಅನ್ನುವ ಒಂದೇ ಸೂಚನೆ ನೋಡುತ್ತಾರೆ. ನಿಧಾನವಾಗಿ ಒಂದೊಂದೇ ಅಂಕಿ ಒತ್ತಿದರೆ ಅದು ಸರಿಯಾಗಿಯೇ ಬರುತ್ತದೆ. ಆದರೆ ಲೆಕ್ಕ ಬರೆಯುವ ಕೈ ಹಾಗೆ ಒತ್ತುವುದಿಲ್ಲ ಅಲ್ವಾ? 456 ಹೊಡೆಯುವಾಗ ತೋರುಬೆರಳು 4ರ ಮೇಲಿಂದ ಪೂರ್ತಿ ಏಳುವ ಮೊದಲೇ ನಡುಬೆರಳು 5ರ ಮೇಲೆ ಬಿದ್ದಿರುತ್ತದೆ, ಅದು ಏಳುವ ಮೊದಲೇ ಉಂಗುರ ಬೆರಳು 6ರ ಮೇಲೆ. ಪ್ಯಾಡಿನ ಲೆಕ್ಕದಲ್ಲಿ ಯಾವುದೋ ಒಂದು ಬೆರಳು ಇದ್ದೇ ಇದೆ, ಹಾಗಾಗಿ "ತಾಗಿತು" ಅನ್ನುವ ಸೂಚನೆ ಒಂದೇ ಸಲ ಬರುತ್ತದೆ. ಪರದೆ ಮೇಲೆ ಬರೀ 4. ಐದೂ ಇಲ್ಲ, ಆರೂ ಇಲ್ಲ. 45,600 ರೂಪಾಯಿ 400 ಆಗಿ ಕೂತರೆ ಸಂಜೆ ತಾಳೆ ನೋಡುವಾಗ ತಲೆ ಕೆಟ್ಟುಹೋಗುತ್ತದೆ.

ಇದಕ್ಕೆ ಪರಿಹಾರ ಕರ್ನಲ್‌ನಲ್ಲೇ ಇದೆ. ಪ್ರತಿ ಬೆರಳಿಗೂ ಅದು ಒಂದು ಸ್ಲಾಟ್ ಕೊಡುತ್ತದೆ, ಬೆರಳು ಬಿದ್ದಾಗ ಆ ಸ್ಲಾಟ್‌ಗೆ ಹೊಸ ಟ್ರ್ಯಾಕಿಂಗ್ ಐಡಿ ಬರುತ್ತದೆ, ಎದ್ದಾಗ ಅದೇ ಐಡಿ -1 ಆಗುತ್ತದೆ. ನಿಮ್ಮ ಸ್ಕ್ರಿಪ್ಟ್ ಪ್ರತಿ ಸ್ಲಾಟನ್ನೂ ಬೇರೆ ಬೇರೆ ನೋಡಬೇಕು, ಹೊಸ ಐಡಿ ಕಂಡ ಕೂಡಲೇ, ಆ ಕಂತಿನ ಮಾಹಿತಿ ಮುಗಿಯಿತು ಅನ್ನುವ ಸಿಂಕ್ ಸೂಚನೆ ಬಂದಾಗ ಅಂಕಿ ಕಳಿಸಬೇಕು. ಬೆರಳು ಏಳುವವರೆಗೂ ಕಾಯಬೇಡಿ. ಕಾದರೆ ಅಂಕಿಗಳ ಸರದಿ ಅದಲುಬದಲಾಗುವ ಸಾಧ್ಯತೆ ಇದೆ, ಯಾಕೆಂದರೆ ಮೊದಲು ಬಿದ್ದ ಬೆರಳೇ ಮೊದಲು ಏಳಬೇಕು ಅಂತೇನಿಲ್ಲ. ಒಂದೊಂದೇ ಬೆರಳನ್ನು ಗುರುತಿಸುವ ತೀರಾ ಹಳೆಯ ಪ್ಯಾಡ್ ಆದರೆ ಇದು ಸಾಧ್ಯವಿಲ್ಲ, ಅದರ ಮೇಲೆ ಸಮಯ ಹಾಕಬೇಡಿ.

ಎರಡನೆಯದು ಅಂಗೈ. ಮಾಮೂಲಿಯಾಗಿ ಅಂಗೈ ತಾಗಿದರೆ ಲಿಬ್‌ಇನ್‌ಪುಟ್ (ಸ್ಪರ್ಶವನ್ನು ಕರ್ಸರ್ ಚಲನೆಯಾಗಿಸುವ ಲಿನಕ್ಸ್ ಲೈಬ್ರರಿ) ಅದನ್ನು ಗುರುತಿಸಿ ಪಕ್ಕಕ್ಕೆ ಹಾಕುತ್ತದೆ. ಪ್ಯಾಡನ್ನು ನಾವು ಹಿಡಿದುಕೊಂಡ ಮೇಲೆ ಆ ರಕ್ಷಣೆ ಹೋಯಿತು. ಕೆಳಗಿನ ಸಾಲಿನಲ್ಲಿ ಸೊನ್ನೆ ಇಟ್ಟಿದ್ದರೆ ಮಣಿಕಟ್ಟು ತಾಗಿದಾಗಲೆಲ್ಲ ಸೊನ್ನೆ ಬೀಳುತ್ತದೆ. ನಿಮ್ಮ ಪ್ಯಾಡ್ ಸ್ಪರ್ಶದ ಅಗಲವನ್ನೂ ಹೇಳುವಂಥದ್ದಾದರೆ ಒಂದು ಮಿತಿ ಇಟ್ಟು ಅದಕ್ಕಿಂತ ದಪ್ಪ ಸ್ಪರ್ಶವನ್ನು ಬಿಟ್ಟುಬಿಡಿ. ಹೇಳದಿದ್ದರೆ ಕೆಳಗಿನ ಅಂಚಿನಲ್ಲಿ ಒಂದು ಸೆಂಟಿಮೀಟರ್ ಪಟ್ಟಿ ಖಾಲಿ ಬಿಡಿ, ಅಲ್ಲಿ ಏನೇ ತಾಗಿದರೂ ಲೆಕ್ಕಕ್ಕಿಲ್ಲ ಅಂತ ಬರೆಯಿರಿ.

ಮನೆಗಳ ಅಳತೆ ಬಗ್ಗೆ ನನ್ನದು ಗಟ್ಟಿ ಅಭಿಪ್ರಾಯ. ಇಡೀ ಪ್ಯಾಡಿನ ಅಗಲಕ್ಕೆ ಅಂಕಿ ಹರಡಬೇಡಿ. ಮಾಮೂಲಿ ಕೀಬೋರ್ಡ್‌ನಲ್ಲಿ ಒಂದು ಕೀಯ ನಡುವಿನಿಂದ ಪಕ್ಕದ ಕೀಯ ನಡುವಿಗೆ ಸುಮಾರು 19 ಮಿಲಿಮೀಟರ್ ಇರುತ್ತದೆ. ಕೈಗೆ ರೂಢಿಯಾಗಿರುವುದು ಆ ದೂರ. ಬಲಕ್ಕೆ ಒತ್ತಿಕೊಂಡು ಅಡ್ಡಕ್ಕೆ 19 ಮಿಲಿಮೀಟರಿನ ನಾಲ್ಕು ಕಾಲಂ ಇಡಿ, ಉದ್ದಕ್ಕೆ ಜಾಗ ಕಡಿಮೆ ಇರುವುದರಿಂದ ಸಾಲು 15-16ಕ್ಕೆ ಇಳಿದರೂ ನಡೆಯುತ್ತದೆ. 789 ಮೇಲೆ, 123 ಕೆಳಗೆ. ಮೊಬೈಲ್ ಥರ 123 ಮೇಲೆ ಇಡಬೇಡಿ, ಲೆಕ್ಕದ ಕೈಗೆ ಅದು ಒಗ್ಗುವುದಿಲ್ಲ.

ಕಳಿಸುವ ಕೀ ಯಾವುದು ಅನ್ನುವುದರಲ್ಲೂ ಆಯ್ಕೆ ಇದೆ. ಮೇಲಿನ ಸಾಲಿನ 1 ಬೇರೆ, ನಂಬರ್ ಪ್ಯಾಡಿನ 1 ಬೇರೆ. ನಂಬರ್ ಪ್ಯಾಡಿನದ್ದೇ ಕಳಿಸಿ. ಕೆಲವು ಕನ್ನಡ ಕೀಲಿಮಣೆ ವಿನ್ಯಾಸಗಳಲ್ಲಿ ಮೇಲಿನ ಸಾಲು ಒತ್ತಿದರೆ ೧, ೨ ಬರುತ್ತದೆ, ಶೀಟ್‌ನಲ್ಲಿ ಕೂಡಿಸುವಾಗ ಅದು ಕಿರಿಕಿರಿ. ಆದರೆ ನಮ್ ಲಾಕ್ ಆನ್ ಆಗಿರಬೇಕು, ಇಲ್ಲದಿದ್ದರೆ 7ರ ಬದಲು ಹೋಮ್, 8ರ ಬದಲು ಮೇಲಿನ ಬಾಣ ಹೋಗುತ್ತದೆ, ಕರ್ಸರ್ ಶೀಟ್ ತುಂಬ ಓಡಾಡುತ್ತದೆ.

ಅನುಮತಿ ಕೊಡುವಾಗ ಒಂದು ಎಚ್ಚರ. ನೆಟ್‌ನಲ್ಲಿ ಎಲ್ಲ ಕಡೆ "ನಿಮ್ಮನ್ನು ಇನ್‌ಪುಟ್ ಗುಂಪಿಗೆ ಸೇರಿಸಿಕೊಳ್ಳಿ" ಅಂತ ಇರುತ್ತದೆ. ಹಾಗೆ ಮಾಡಿದರೆ ನೀವು ಓಡಿಸುವ ಯಾವ ಪ್ರೋಗ್ರಾಂ ಬೇಕಾದರೂ ನಿಮ್ಮ ಕೀಬೋರ್ಡ್‌ನಲ್ಲಿ ಒತ್ತಿದ್ದೆಲ್ಲ ಓದಬಹುದು, ಬ್ಯಾಂಕ್ ಪಾಸ್‌ವರ್ಡ್ ಕೂಡ. ಸೊಸೈಟಿಯ ಹಣದ ಲೆಕ್ಕ ಇರುವ ಯಂತ್ರದಲ್ಲಿ ಇದು ಖಂಡಿತ ಬೇಡ. ಸ್ಕ್ರಿಪ್ಟನ್ನು ಸಿಸ್ಟಂಡಿ ಸೇವೆಯಾಗಿ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ ಆಗಿ) ರೂಟ್, ಅಂದರೆ ಅಡ್ಮಿನ್, ಹೆಸರಲ್ಲಿ ಓಡಿಸಿ, ಸ್ಕ್ರಿಪ್ಟ್ ಫೈಲನ್ನು ರೂಟ್ ಬಿಟ್ಟು ಬೇರೆ ಯಾರೂ ತಿದ್ದದ ಹಾಗೆ ಇಡಿ.

ಇಷ್ಟು ಆದ ಮೇಲೆ ಸ್ಟಿಕ್ಕರ್. ಟ್ರ್ಯಾಕ್‌ಪ್ಯಾಡ್ ಬೆರಳಿನ ವಿದ್ಯುತ್ ಗುಣವನ್ನು ಗ್ರಹಿಸುತ್ತದೆ, ತೆಳು ಪ್ಲಾಸ್ಟಿಕ್ ಮೇಲೆ ಒತ್ತಿದರೂ ಅದಕ್ಕೆ ಗೊತ್ತಾಗುತ್ತದೆ, ಲೋಹ ಮಾತ್ರ ಇರಬಾರದು. ಗಾಡಿಗೆ ನಂಬರ್ ಪ್ಲೇಟ್ ಮಾಡುವ ರೇಡಿಯಂ ಅಂಗಡಿಗೆ ಅಳತೆ ಕೊಟ್ಟರೆ ಕತ್ತರಿಸಿ ಕೊಡುತ್ತಾರೆ, ಆದರೆ ಹೊಳೆಯುವ ರೇಡಿಯಂ ಬೇಡ, ಸಾದಾ ಮ್ಯಾಟ್ ವಿನೈಲ್ ಕೇಳಿ. ಹೊಳಪಿನ ಶೀಟ್‌ಗಳಲ್ಲಿ ಕೆಲವಕ್ಕೆ ಲೋಹದ ಪದರ ಇರುತ್ತದೆ. ಪಾರದರ್ಶಕ ಶೀಟ್‌ನಲ್ಲಿ ಪ್ರಿಂಟ್ ಹಾಕಿಸುವುದಾದರೆ ಉಲ್ಟಾ ಪ್ರಿಂಟ್ ಹಾಕಿಸಿ ಇಂಕ್ ಕೆಳಗಡೆ ಬರುವ ಹಾಗೆ ಅಂಟಿಸಿ, ಬೆರಳು ಉಜ್ಜಿ ಅಳಿಸಿಹೋಗುವುದಿಲ್ಲ. ದಪ್ಪದ್ದು ಮಾತ್ರ ಬೇಡವೇ ಬೇಡ. ಮುಚ್ಚಳ ಮುಚ್ಚಿದಾಗ ಪರದೆಗೂ ಕೆಳಗಿನ ಭಾಗಕ್ಕೂ ನಡುವೆ ಇರುವ ಸಂದಿ ತೀರಾ ಕಡಿಮೆ. ಮ್ಯಾಕ್‌ಬುಕ್ ಕ್ಯಾಮೆರಾ ಮೇಲೆ ಅಂಟಿಸುವ ಮುಚ್ಚಳ 0.1 ಮಿಲಿಮೀಟರ್‌ಗಿಂತ ದಪ್ಪ ಇರಬಾರದು, ಪರದೆ ಒಡೆಯಬಹುದು ಅಂತ ಆಪಲ್ 2020ರಲ್ಲಿ ಎಚ್ಚರಿಕೆ ಕೊಟ್ಟಿತ್ತು. ಬೇರೆ ಲ್ಯಾಪ್‌ಟಾಪ್‌ಗೂ ಅದೇ ಅಳತೆ ಇಟ್ಟುಕೊಳ್ಳುವುದು ಒಳ್ಳೆಯದು.

ಕೀಬೋರ್ಡ್‌ನಲ್ಲಿ 5ರ ಮೇಲೆ ಒಂದು ಉಬ್ಬು ಇರುತ್ತದಲ್ಲ, ಕಣ್ಣು ಕಾಗದದ ಮೇಲಿದ್ದರೂ ಬೆರಳಿಗೆ ದಾರಿ ತೋರಿಸುವುದು ಅದೇ. ಸ್ಟಿಕ್ಕರ್‌ನಲ್ಲೂ 5ರ ನಡುವೆ ಬಣ್ಣವಿಲ್ಲದ ನೇಲ್ ಪಾಲಿಶ್‌ನ ಒಂದು ತೆಳು ಚುಕ್ಕೆ ಇಟ್ಟು ಪೂರ್ತಿ ಒಣಗಲು ಬಿಡಿ. ನನಗೆ ಸ್ಟಿಕ್ಕರ್ ಮೇಲಿನ ಅಕ್ಷರಗಳಿಗಿಂತ ಆ ಚುಕ್ಕೆಯೇ ಜಾಸ್ತಿ ಉಪಯೋಗಕ್ಕೆ ಬರುತ್ತದೆ.

ಇನ್ನು ನೇರವಾಗಿ ಹೇಳಬೇಕಾದ ಮಾತು. ನಿಜವಾದ ಕೀಗಳ ಮೇಲೆ ಬೆರಳು ಸುಮ್ನೆ ಇಟ್ಟು ವಿಶ್ರಾಂತಿ ಕೊಡಬಹುದು. ಪ್ಯಾಡ್ ಮೇಲೆ ಇಟ್ಟರೆ ಅದೇ ಒತ್ತಿದ ಹಾಗೆ. ಹಾಗಾಗಿ ಕೈ ಯಾವಾಗಲೂ ಗಾಳಿಯಲ್ಲೇ ಇರಬೇಕು. ಹತ್ತಿಪ್ಪತ್ತು ಸಾಲಿಗೆ ಪರವಾಗಿಲ್ಲ, ಬಿಲ್ ನೋಡಿ ಒಂದಷ್ಟು ಮೊತ್ತ ತುಂಬುವುದಕ್ಕೆ, ಕ್ಯಾಲ್ಕುಲೇಟರ್‌ಗೆ, ಬಸ್ಸಲ್ಲಿ ತೊಡೆ ಮೇಲೆ ಇಟ್ಟುಕೊಂಡು ಕೆಲಸ ಮಾಡುವಾಗ ಇದು ಚೆನ್ನಾಗಿದೆ, ನಾನು ಬಳಸುವುದೂ ಅದಕ್ಕೇ. ಆದರೆ ಮಾರ್ಚ್ ಕೊನೆಯಲ್ಲಿ ಇಡೀ ವರ್ಷದ ಲೆಕ್ಕ ಕೂತು ಹೊಡೆಯುವುದಿದ್ದರೆ ಯುಎಸ್‌ಬಿ ನಂಬರ್ ಪ್ಯಾಡ್ ತಗೊಳ್ಳಿ, ಸಾವಿರ ರೂಪಾಯಿ ಒಳಗೆ ಸಿಗುತ್ತದೆ, ಮಣಿಕಟ್ಟಿನ ನೋವಿನ ಮುಂದೆ ಅದು ದುಬಾರಿಯಲ್ಲ.

ಖರ್ಚೇ ಬೇಡ ಅಂದರೆ ಇನ್ನೊಂದು ದಾರಿ ಇದೆ, ನನಗೆ ಇದು ತುಂಬ ಇಷ್ಟ. ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಯು, ಐ, ಓ, ಜೆ, ಕೆ, ಎಲ್ ಕೀಗಳ ಮೂಲೆಯಲ್ಲಿ ಚಿಕ್ಕದಾಗಿ ಅಂಕಿ ಬರೆದಿರುತ್ತಿತ್ತು, ಎಫ್ಎನ್ ಹಿಡಿದರೆ ಅವು ನಂಬರ್ ಪ್ಯಾಡ್ ಆಗುತ್ತಿದ್ದವು. ಅದನ್ನೇ ಈಗ ಕೀಡಿ ಅನ್ನುವ ಉಚಿತ ಪ್ರೋಗ್ರಾಂನಿಂದ ಮಾಡಿಕೊಳ್ಳಬಹುದು. ಕ್ಯಾಪ್ಸ್ ಲಾಕ್ ಹಿಡಿದಾಗ ಜೆ, ಕೆ, ಎಲ್ ಅನ್ನು 4, 5, 6 ಮಾಡಿ, ಮೇಲಿನ ಯು, ಐ, ಓ 7, 8, 9 ಆಗಲಿ, ಕೆಳಗಿನ ಎಂ, ಕಾಮಾ, ಚುಕ್ಕಿ 1, 2, 3 ಆಗಲಿ, ಸ್ಪೇಸ್ ಸೊನ್ನೆ. ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ 456 ಒಂದು ಸಾಲು ಮೇಲಿತ್ತು, ನಾನು ಕೆಳಗೆ ಇಳಿಸಿರುವುದು ಯಾಕೆಂದರೆ ಜೆ ಮೇಲೆ ಈಗಾಗಲೇ ಉಬ್ಬು ಇದೆ, ಟೈಪಿಂಗ್ ಕಲಿತ ಬಲಗೈ ಕೂರುವುದೂ ಆ ಸಾಲಿನ ಮೇಲೇ. ಕಾಲಂಗಳು ಸ್ವಲ್ಪ ಓರೆ ಅನ್ನಿಸುತ್ತದೆ, ಬಳಸುತ್ತಾ ರೂಢಿಯಾಗುತ್ತದೆ.

ವಿಂಡೋಸ್‌ನಲ್ಲಿ ಟ್ರ್ಯಾಕ್‌ಪ್ಯಾಡ್ ದಾರಿ ಕಷ್ಟ. ಸ್ಪರ್ಶವನ್ನು ಓದಬಹುದು, ಆದರೆ ಕರ್ಸರ್ ಓಡಾಡದ ಹಾಗೆ ತಡೆಯಲು ಲಿನಕ್ಸ್‌ನಷ್ಟು ಸಲೀಸಾದ ವ್ಯವಸ್ಥೆ ಇಲ್ಲ. ಮುಂದೆ ಟ್ಯಾಲಿಗೆ ಹೋಗುವ ಯೋಚನೆ ಇದ್ದರೆ ಇದು ನೆನಪಿರಲಿ, ಅದು ವಿಂಡೋಸ್‌ಗೇ ಮಾಡಿದ ಪ್ರೋಗ್ರಾಂ, ಅಲ್ಲಿ ಯುಎಸ್‌ಬಿ ಪ್ಯಾಡೇ ಸರಿ. ಮ್ಯಾಕ್‌ಗೆ ನಮ್ಸ್ ಅನ್ನುವ ತೆಳು ಗಾಜಿನ ಹೊದಿಕೆ ಅದರದೇ ಪ್ರೋಗ್ರಾಂ ಜೊತೆ ಬಂದಿತ್ತು. ಮ್ಯಾಕ್‌ನಲ್ಲಿ ಕೀಬೋರ್ಡ್ ದಾರಿ ಬೇಕಾದರೆ ಕಾರಬೈನರ್ ಅನ್ನುವ ಪ್ರೋಗ್ರಾಂ ಇದೆ.

ಮೊದಲು ಕೀಡಿ ಹಾಕಿ ನೋಡಿ, ಅದು ಒಗ್ಗದಿದ್ದರೆ ಪ್ಯಾಡಿಗೆ ಕೈ ಹಾಕಿ. ಇವಿಟೆಸ್ಟ್ ತೋರಿಸುವ ಟಚ್‌ಪ್ಯಾಡ್ ಹೆಸರು, ಅಡ್ಡ ಉದ್ದದ ಅತಿ ಹೆಚ್ಚು ಬೆಲೆ, ಸ್ಲಾಟ್ ಎಷ್ಟಿದೆ ಅನ್ನುವುದನ್ನು ಕೆಳಗೆ ಹಾಕಿದರೆ ಮನೆಗಳ ಲೆಕ್ಕ ನಾನೇ ಹಾಕಿಕೊಡುತ್ತೇನೆ.